ಒಂದೇ ತೊಟ್ಟಿಯಲ್ಲಿ ಎರಡು ಚಾಕು

ಅವರನ್ನು ಎಲ್ಲರೂ ಹಲ್ಲಿನವರು ಎನ್ನುತ್ತಿದ್ದರು. ಹಲ್ಲು ಕೀಳುವವರಲ್ಲ, ಹಲ್ಲು ಮಾಡುವವರು. ಡಾಕ್ಟರುಗಳು ಕಳಿಸಿದ ಅಚ್ಚಿನ ಮೇಲೆ ಮೇಣ ಹಚ್ಚಿ, ಹಲ್ಲು ಜೋಡಿಸಿ, ಬಾಯಿಗೆ ಸರಿಯಾಗಿ ಕೂರುವಂತೆ ಸೆಟ್ಟು ಮಾಡಿಕೊಡುವುದು ಅವರ ಕಸುಬು. ಮೂರನೇ ಮಹಡಿಯಲ್ಲಿ ಎರಡು ಕೋಣೆ. ಒಂದರ ತುಂಬ ಪ್ಲಾಸ್ಟರಿನ ಧೂಳು, ಇನ್ನೊಂದರಲ್ಲಿ ಉಜ್ಜುವ ಮೋಟಾರು, ಕಪಾಟಿನಲ್ಲಿ ಸಾಲಾಗಿ ಬಾಯಿ ತೆರೆದು ಕೂತ ದವಡೆಗಳು. ಇಪ್ಪತ್ತಾರು ವರ್ಷದಲ್ಲಿ ಒಬ್ಬರ ಹಲ್ಲು ಇನ್ನೊಬ್ಬರ ಬಾಯಿಗೆ ಹೋದದ್ದಿಲ್ಲ. ಅಚ್ಚು ಬಂತೆಂದರೆ ಅದರ ಬುಡಕ್ಕೆ ಪೆನ್ಸಿಲಿನಲ್ಲಿ ನಂಬರು ಬರೆಯುವ ತನಕ ಅವರು ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಇಂಥ ಅಚ್ಚುಕಟ್ಟಿನ ಮನುಷ್ಯ ಚಾಕುವಿನ ವಿಷಯದಲ್ಲಿ ಮಾತ್ರ ಕೈಯಾರೆ ಎಡವಟ್ಟು ಮಾಡಿಕೊಂಡರಲ್ಲ, ಈಗ ಹೇಳಬೇಕಾದ್ದು ಅದನ್ನೇ.

ಚಾಕು ಅಂದರೆ ತರಕಾರಿ ಹೆಚ್ಚುವುದಲ್ಲ. ಮಡಚಿ ಜೇಬಿಗಿಳಿಸುವ ಚಾಕು. ಟೈಟಾನಿಯಂ ಹಿಡಿ, ಹೆಬ್ಬೆರಳಿನಿಂದ ಚೂರು ನೂಕಿದರೆ ಸುಯ್ಯೆಂದು ತೆರೆದುಕೊಂಡು ಟಕ್ ಎಂದು ಲಾಕಾಗುವ ಅಲಗು. ಒಬ್ಬನೇ ಮನುಷ್ಯ ವರ್ಷಕ್ಕೆ ಹತ್ತಿಪ್ಪತ್ತು ಮಾಡಿ, ಕೊಳ್ಳುವವರನ್ನು ಕಾಯಿಸಿ ಕಾಯಿಸಿ ಕೊಡುವಂಥವು. ಹಲ್ಲಿನವರ ಹತ್ತಿರ ಅಂಥವು ಹದಿನಾಲ್ಕಿದ್ದವು. ಅವುಗಳ ಬೆಲೆ ಹೆಂಡತಿಗೆ ಗೊತ್ತಿತ್ತು. ಅಂದರೆ, ಅವರು ಹೇಳಿದ ಬೆಲೆ ಗೊತ್ತಿತ್ತು. ಇಷ್ಟೆಲ್ಲ ಇಟ್ಟುಕೊಂಡು ಏನು ಕತ್ತರಿಸುತ್ತಿದ್ದರಪ್ಪಾ ಅಂದರೆ, ಏನೂ ಇಲ್ಲ. ಪಾರ್ಸಲ್ ಬಂದರೆ ಅಡುಗೆಮನೆಯಿಂದ ಕತ್ತರಿ ತರುತ್ತಿದ್ದರು. ಕತ್ತರಿಸಿದರೆ ಅಂಚು ಹೋಗುತ್ತದೆ, ಅಂಚು ಹೋದ ಮೇಲೆ ಹೋಲಿಸಿ ನೋಡುವುದು ಹೇಗೆ ಎಂಬುದು ಅವರ ವಾದ. ಅವರಿಗಿದ್ದ ಹುಚ್ಚು ಹೋಲಿಸುವುದರದು.

ಆ ಹುಚ್ಚಿಗೆ ಗುರು ಲಿಫ್ಟಣ್ಣ. ಅರವತ್ತೆಂಟರ ವಯಸ್ಸು, ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಯಂತ್ರದ ಮೇಲೆ ಅಂಗೈಯಿಟ್ಟು, ಯಾವ ಬೇರಿಂಗು ಇನ್ನೆಷ್ಟು ದಿನ ಬಾಳುತ್ತದೆ ಎಂದು ಹೇಳುತ್ತಿದ್ದರಂತೆ. ಚಾಕುವಿನ ವಿಷಯದಲ್ಲೂ ಹಾಗೆಯೇ. ಊರಿನಲ್ಲಿ ಈ ಗೀಳು ಹತ್ತಿಸಿಕೊಂಡ ಏಳೆಂಟು ಮಂದಿ ಇದ್ದರು. ಹೊಸದು ಯಾರು ತರಿಸಿದರೂ ಅದು ಮೊದಲು ಲಿಫ್ಟಣ್ಣನ ಊಟದ ಮೇಜಿಗೆ ಬರಬೇಕು. ಅವರು ಕಣ್ಣು ಮುಚ್ಚಿ ಎರಡು ಸಲ ತೆರೆದು ಮುಚ್ಚಿ "ಪರವಾಗಿಲ್ಲ" ಅಂದರೆ ತಂದವನಿಗೆ ಆ ವಾರವೆಲ್ಲ ಸುಗ್ಗಿ. ಹಲ್ಲಿನವರಂತೂ ಒಂದು ಭಾನುವಾರವನ್ನೂ ತಪ್ಪಿಸುತ್ತಿರಲಿಲ್ಲ. ಈಚೆಗೆ ಲಿಫ್ಟಣ್ಣ ಹೊಸ ಚಾಕುವನ್ನು ಮೊದಲು ಇವರ ಕೈಗೆ ಕೊಟ್ಟು, ಏನನ್ನಿಸುತ್ತದೆ ಎಂದು ಕೇಳುವುದೂ ಇತ್ತು. ಬೆಳಿಗ್ಗೆ ಹತ್ತಕ್ಕೆ ಹೋದರೆ ಊಟದ ಹೊತ್ತಿಗೇ ಮನೆಗೆ. ಅವರಿಗೆ ಸ್ನೇಹಿತ ಅಂತ ಇದ್ದದ್ದು ಆ ಒಬ್ಬರೇ.

ಇವರಿಬ್ಬರ ಹತ್ತಿರ ಒಂದೇ ಥರದ ಚಾಕು ಒಂದೊಂದಿತ್ತು. ಮಾಡಿದವನು ಒಬ್ಬನೇ, ಅಳತೆ ಒಂದೇ, ಬೂದು ಬಣ್ಣವೂ ಒಂದೇ. ಲಿಫ್ಟಣ್ಣನದು ಹನ್ನೊಂದು ವರ್ಷದ ಹಿಂದೆ ಅವನು ಮಾಡಿದ ಮೊದಲ ಕಂತಿನದು, ಹಲ್ಲಿನವರದು ಈಗ ಎರಡು ವರ್ಷದ ಹಿಂದೆ ಬಂದದ್ದು. ಹಲ್ಲಿನವರು ತಮ್ಮದನ್ನು ತೋರಿಸಿದ ದಿನ ಲಿಫ್ಟಣ್ಣ ಹೇಳಿದ್ದು ಇಷ್ಟೇ: "ನಿಂದು ಚೆನ್ನಾಗಿದೆ ತಮ್ಮ. ನಂದು ಬೇರೆ." ಏನು ಬೇರೆ, ಎಲ್ಲಿ ಬೇರೆ ಎಂದು ಎಷ್ಟು ಗೋಗರೆದರೂ ಬಾಯಿ ಬಿಡಲಿಲ್ಲ. ತಮ್ಮ ಚಾಕುವನ್ನು ಇನ್ನೊಬ್ಬರ ಕೈಗೆ ಒಂದು ನಿಮಿಷಕ್ಕಿಂತ ಹೆಚ್ಚು ಕೊಡುತ್ತಲೂ ಇರಲಿಲ್ಲ. ಸ್ವಂತ ಭಾವಮೈದ ಎರಡು ದಿನಕ್ಕೆ ಕೇಳಿದ್ದಕ್ಕೆ ಇಲ್ಲವೆಂದು ಹೇಳಿ, ಆರು ತಿಂಗಳು ಆ ಮನೆಯೊಂದಿಗೆ ಮಾತು ಬಿಟ್ಟಿದ್ದ ಮನುಷ್ಯ.

ಅಂಥವರು ಒಂದು ಭಾನುವಾರ, ಯಾರೂ ಕೇಳದೆ, ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಹಲ್ಲಿನವರ ಮುಂದೆ ಸರಿಸಿದರು. "ಒಂದು ವಾರ ಇಟ್ಕೋ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಏನು ವ್ಯತ್ಯಾಸ ಅಂತ ಬಂದು ನಂಗೆ ಹೇಳು."

ಹಲ್ಲಿನವರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹಾಗೆಯೇ ಅಳುಕೂ ಹುಟ್ಟಿತು. ಇದಕ್ಕೇನಾದರೂ ಆದರೆ ಭಾನುವಾರಗಳಿಗೆ ಎಳ್ಳುನೀರು ಬಿಟ್ಟಂತೆಯೇ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮಂಗಳವಾರ ಮಧ್ಯಾಹ್ನ ಕೆಲಸ ಕಡಿಮೆಯಿತ್ತು. ಎರಡು ಚಾಕುಗಳನ್ನೂ ಮೇಜಿನ ಮೇಲಿಟ್ಟು ನೋಡಿದರು. ಒಂದರಲ್ಲಿ ಹಳೆಯ ಎಣ್ಣೆ, ಇನ್ನೊಂದರಲ್ಲಿ ಹೊಸದು. ಹೀಗಿದ್ದರೆ ಹೋಲಿಕೆ ನ್ಯಾಯವಾಗುವುದಿಲ್ಲ, ಎಣ್ಣೆಯ ಗುಣವನ್ನೇ ಚಾಕುವಿನ ಗುಣ ಅಂದುಕೊಳ್ಳುವ ಅಪಾಯವಿದೆ ಅನ್ನಿಸಿತು. ಎರಡನ್ನೂ ಬಿಚ್ಚಿ ತೊಳೆದು ಒಂದೇ ಎಣ್ಣೆ ಹಾಕಬೇಕು. ತೊಳೆಯಲು ಅವರಲ್ಲಿ ಒಂದು ಪುಟ್ಟ ಸ್ಟೀಲಿನ ತೊಟ್ಟಿಯಿತ್ತು. ನೀರಿನಲ್ಲಿ ಸಣ್ಣ ನಡುಕ ಹುಟ್ಟಿಸಿ ಹಲ್ಲಿನ ಸೆಟ್ಟುಗಳ ಸಂದಿಯ ಕೊಳೆ ತೆಗೆಯುವ ಯಂತ್ರ ಅದು. ಒಂದಾದ ಮೇಲೆ ಒಂದು ಹಾಕಿದರೆ ಮೊದಲನೆಯದಕ್ಕೆ ಶುದ್ಧ ನೀರು, ಎರಡನೆಯದಕ್ಕೆ ಬಳಸಿದ ನೀರು. ಅದೂ ಅನ್ಯಾಯ. ಆದ್ದರಿಂದ ನ್ಯಾಯವಂತರು ಏನು ಮಾಡಿದರು ಅನ್ನುತ್ತೀರಿ? ಎರಡರ ಭಾಗಗಳನ್ನೂ ಒಟ್ಟಿಗೇ ತೊಟ್ಟಿಗೆ ಸುರಿದು ಗುಂಡಿ ಒತ್ತಿದರು.

ಆರು ನಿಮಿಷ ಕಳೆದು ಯಂತ್ರ ನಿಂತಿತು. ಜಾಲರಿ ಮೇಲೆತ್ತಿದರು. ಎರಡು ಅಲಗು, ಹಿಡಿಯ ಎರಡು ಬದಿಗೆ ಕೂರುವ ನಾಲ್ಕು ಹಲಗೆ, ನಾಲ್ಕು ವಾಷರು, ಒಂದು ಹಿಡಿ ಸ್ಕ್ರೂ. ಎಲ್ಲವೂ ಥಳಥಳ ಹೊಳೆಯುತ್ತಿದ್ದವು. ಇವುಗಳಲ್ಲಿ ಯಾವುದು ಯಾರದು ಎಂಬ ಪ್ರಶ್ನೆ ಅವರಿಗೆ ಹೊಳೆದದ್ದು ಆಗಲೇ.

ಮೊದಲು ಧೈರ್ಯ ತಂದುಕೊಂಡರು. ಹನ್ನೊಂದು ವರ್ಷ ಹಳೆಯದು ಯಾವುದು, ಎರಡು ವರ್ಷದ್ದು ಯಾವುದು ಎಂದು ಗೊತ್ತಾಗದೇ ಇರುತ್ತದೆಯೇ? ಗೊತ್ತಾಗಲಿಲ್ಲ. ಬಳಸಿದ್ದರೆ ತಾನೇ ಹಳೆಯದಾಗುವುದು! ಲಿಫ್ಟಣ್ಣ ಹನ್ನೊಂದು ವರ್ಷದಲ್ಲಿ ಅದರಿಂದ ಒಂದು ದಾರವನ್ನೂ ಕತ್ತರಿಸಿರಲಿಲ್ಲ. ಒಂದೇ ಒಂದು ಗೀರಿಗಾಗಿ ಹಲ್ಲಿನವರು ನಾಲ್ಕು ಹಲಗೆಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಸ್ನೇಹಿತನ ಚಾಕುವಿನಲ್ಲಿ ಗೀರು ಸಿಗಲಿ ಎಂದು ಆಸೆಪಟ್ಟ ಮೊದಲ ಮನುಷ್ಯ ಅವರೇ ಇರಬೇಕು.

ಬುಧವಾರ ದೇವರು ಕಣ್ಣುಬಿಟ್ಟ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಲಗುಗಳನ್ನು ನೋಡುವಾಗ, ಒಂದರ ತುದಿ ಕೂದಲೆಳೆಯಷ್ಟು ಮೊಂಡಾಗಿದ್ದದ್ದು ಕಂಡಿತು. ಇದು ಹಳೆಯದೇ, ಸಂಶಯವೇ ಇಲ್ಲ, ತಮ್ಮದಂತೂ ಡಬ್ಬಿ ಬಿಟ್ಟು ಹೊರಗೆ ಬಂದದ್ದೇ ಕಡಿಮೆ. ಮೊಂಡು ತುದಿಯದು ಲಿಫ್ಟಣ್ಣನದು ಎಂದು ತೀರ್ಮಾನಿಸಿ, ಹಲಗೆಗಳನ್ನು ಒಂದು ಅಂದಾಜಿನ ಮೇಲೆ ಜೋಡಿಸಿ, ಎರಡನ್ನೂ ಬಿಗಿದು ನಿಲ್ಲಿಸಿದರು. ತೆರೆದು ನೋಡಿದರು. ಆಹಾ, ಹೌದಲ್ಲ! ಮೊಂಡು ತುದಿಯದರಲ್ಲಿ ಒಂದು ಗಾಂಭೀರ್ಯವಿತ್ತು. ಮುಚ್ಚುವಾಗಿನ ದನಿ ಕೊಂಚ ಗಡುಸು, ತೆರೆಯುವಾಗ ಅಲಗಿಗೆ ಏನೋ ಒಂದು ಅವಸರವಿಲ್ಲದ ನಡಿಗೆ. ಲಿಫ್ಟಣ್ಣ ಬೇರೆ ಅಂದದ್ದು ಇದಕ್ಕೇ ಎಂದು ಒಂದು ಪುಟ ತುಂಬ ಬರೆದೂ ಇಟ್ಟುಕೊಂಡರು.

ಗುರುವಾರ ಅದೇ ಗಾಂಭೀರ್ಯ ಇನ್ನೊಂದರಲ್ಲೂ ಕಂಡಿತು. ಹಲಗೆ ಅದಲುಬದಲಾಗಿದೆಯೋ ಏನೋ ಎಂದು ಬಿಚ್ಚಿ ಬದಲಿಸಿದರು. ಆಗ ಎರಡರಲ್ಲೂ ಇಲ್ಲ. ಬಾಯಲ್ಲಿ ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತದೆಂದು ತಿಳಿಯಲು ಕಚ್ಚಿಸುವ ನೀಲಿ ಕಾಗದವನ್ನು ಲಾಕಿನ ಬಾಯಿಗಿಟ್ಟು ನೋಡಿದರು. ಎರಡರಲ್ಲೂ ಒಂದೇ ಜಾಗದಲ್ಲಿ, ಒಂದೇ ಆಕಾರದ ನೀಲಿ ಚುಕ್ಕೆ. ಶುಕ್ರವಾರ ಡಾಕ್ಟರು ಫೋನು ಮಾಡಿ ಸೆಟ್ಟು ಎಲ್ಲಿ ಅಂದರೆ, ಯಾವ ಸೆಟ್ಟು ಅಂದರು. ತಲೆ ಮೊಸರುಗಡಿಗೆಯಾಗಿತ್ತು. ಕೊನೆಗೆ ಹೆಂಡತಿಯನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಎರಡನ್ನೂ ಒಂದಾದ ಮೇಲೊಂದು ಕೈಗಿತ್ತು, ಏನನ್ನಿಸುತ್ತದೆ ಎಂದು ಕೇಳಿದರು. ಆಕೆ ನಿಜಕ್ಕೂ ಯೋಚಿಸಿಯೇ ಹೇಳಿದರು, ಎರಡೂ ಚಾಕು ಅನ್ನಿಸುತ್ತದೆ ಎಂದು.

ಶನಿವಾರ ಆಕೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಬಿಸಿಯಾಗಿ ವಾಸನೆ ಬಂತು.

"ಇದರ ಸ್ಕ್ರೂ ಮತ್ತೆ ಸಡಿಲ ಆಗಿದೆ ರೀ. ಆ ನಿಮ್ಮ ಬೂದು ಚಾಕು ಕೊಡಿ ಇಲ್ಲಿ."

"ಯಾಕೆ?"

"ಹೋದ ತಿಂಗಳು ಅದರಲ್ಲೇ ಬಿಗಿ ಮಾಡಿದ್ದೆ. ತುದಿ ಸರಿಯಾಗಿ ಕೂತ್ಕೊಳ್ಳತ್ತೆ."

ಹಲ್ಲಿನವರು ಎರಡು ಚಾಕುಗಳನ್ನೂ ತಂದು ಮತ್ತೆ ತುದಿ ನೋಡಿದರು. ರೇಗಬೇಕೋ ಕೈ ಮುಗಿಯಬೇಕೋ ತಿಳಿಯಲಿಲ್ಲ. ಮೊಂಡು ತುದಿಯದು ತಮ್ಮದೇ! ಒಂದು ಪ್ರಶ್ನೆಯೇನೋ ಬಗೆಹರಿಯಿತು, ಆದರೆ ಅದರ ಹಿಂದೆಯೇ ಇನ್ನೂ ದೊಡ್ಡದು ಬಂದು ಕೂತಿತು. ಆ ಗಾಂಭೀರ್ಯ, ಆ ಗಡುಸು ದನಿ, ಒಂದು ಪುಟ ಬರೆದದ್ದು, ಅದೆಲ್ಲ ಎರಡು ವರ್ಷದಿಂದ ತಮ್ಮ ಡಬ್ಬಿಯಲ್ಲೇ ಇದ್ದ ಚಾಕುವಿನದೇ? ಹಾಗಿದ್ದರೆ ಇಷ್ಟು ದಿನ ಯಾಕೆ ಕಾಣಲಿಲ್ಲ? ಅಥವಾ ಇರಲೇ ಇಲ್ಲವೇ? ಇಲ್ಲದ್ದನ್ನು ಬೆರಳಿಗೆ ಹೇಳಿದವರಾರು? ಹಲಗೆಗಳು ಯಾರವು ಎಂಬುದಂತೂ ಇನ್ನೂ ಹಾಗೆಯೇ ಉಳಿದಿತ್ತು. ಪಾಪ, ಆ ದಿನ ಅವರಿಗೆ ತಮ್ಮ ಹೆಸರು ಕೇಳಿದ್ದರೂ ಒಂದು ಸಲ ಯೋಚಿಸಿ ಹೇಳುತ್ತಿದ್ದರು.

ಭಾನುವಾರ ಹತ್ತು ಗಂಟೆಗೆ ಎರಡು ಜೇಬಿನಲ್ಲಿ ಎರಡು ಚಾಕು ಇಟ್ಟುಕೊಂಡು ಹೊರಟರು. ಹೋದ ತಕ್ಷಣ ಎಲ್ಲ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು. ಬಾಗಿಲು ತೆರೆದ ಲಿಫ್ಟಣ್ಣನ ಮುಖ ಕಂಡದ್ದೇ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು.

"ಏನು, ಗೊತ್ತಾಯ್ತಾ?" ಎಂದರು ಲಿಫ್ಟಣ್ಣ. ಇವರು ತಡವರಿಸುವಷ್ಟರಲ್ಲಿ ಕೈ ಚಾಚಿ ಎರಡನ್ನೂ ಕೇಳಿ ಇಸಿದುಕೊಂಡರು. ಮೇಜಿನ ಮುಂದೆ ಕೂತು, ಕಣ್ಣು ಮುಚ್ಚಿ, ಒಂದನ್ನು ಮೂರು ಸಲ ತೆರೆದು ಮುಚ್ಚಿದರು. ಇನ್ನೊಂದನ್ನೂ ಅಷ್ಟೇ ಸಲ. ಕೊನೆಗೆ ಲಿಫ್ಟಣ್ಣ ಒಂದನ್ನು ತಮ್ಮ ಕಡೆಗೆ ಎಳೆದುಕೊಂಡು, ಇದು ನನ್ನದು, ಹನ್ನೊಂದು ವರ್ಷದ್ದನ್ನು ಕೈ ಮರೆಯುತ್ತದೆಯೇ ಎಂದರು. ಅದರ ತುದಿ ಮೊಂಡಾಗಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಲಿಫ್ಟಣ್ಣನಿಗೆ ತೃಪ್ತಿ, ಭಾನುವಾರಗಳಿಗೆ ಭಯವಿಲ್ಲ, ಮೇಲಾಗಿ ಮೊದಲ ಕಂತಿನ ಅಲಗು ತಮ್ಮ ಜೇಬಿಗೆ. ಹಲ್ಲಿನವರು ಇನ್ನೊಂದು ಚಾಕುವಿನ ಮೇಲೆ ಕೈ ಇಟ್ಟದ್ದೂ ಹೌದು. ಎತ್ತಿಕೊಳ್ಳಲು ಮಾತ್ರ ಮನಸ್ಸು ಒಪ್ಪಲಿಲ್ಲ. ಒಬ್ಬರ ಹಲ್ಲನ್ನು ಇನ್ನೊಬ್ಬರ ಬಾಯಿಗಿಟ್ಟು ಸರಿಯಾಗಿದೆ ಎಂದಂತೆ ಅನ್ನಿಸಿತು.

"ಅಣ್ಣ, ಅದರ ಅಲಗು ನಂದು," ಎಂದುಬಿಟ್ಟರು. ಆಮೇಲೆ ತೊಟ್ಟಿ, ಜಾಲರಿ, ಭೂತಗನ್ನಡಿ, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು, ಎಲ್ಲವನ್ನೂ ತಲೆ ತಗ್ಗಿಸಿಕೊಂಡೇ ಹೇಳಿದರು. ಹಲಗೆ ಯಾವುದು ಯಾರದು ಎಂಬುದು ಇನ್ನು ಯಾರಿಗೂ ತಿಳಿಯುವ ಹಾಗಿಲ್ಲ ಎಂದೂ ಹೇಳಿದರು. ಹೇಳಿ ಬೈಗುಳಕ್ಕೆ ಕಾದರು.

ಬೈಗುಳ ಬರಲಿಲ್ಲ. ಲಿಫ್ಟಣ್ಣ ಚಾಕುವನ್ನು ಮೆಲ್ಲಗೆ ಕೆಳಗಿಟ್ಟು ತಮ್ಮ ಹತ್ತು ಬೆರಳುಗಳನ್ನೂ ಮೇಜಿನ ಮೇಲೆ ಹರಡಿ ನೋಡುತ್ತಾ ಕೂತರು. ಅವರ ಮುಖ ಅಷ್ಟು ಸಪ್ಪಗಾದದ್ದನ್ನು ಹಲ್ಲಿನವರು ಎಂದೂ ಕಂಡಿರಲಿಲ್ಲ.

"ಎರಡು ವರ್ಷ ಆಯ್ತು ತಮ್ಮ, ಇವಕ್ಕೆ ಏನೂ ತಿಳಿಯಲ್ಲ. ಸಕ್ಕರೆ ಕಾಯಿಲೆ. ಬಿಸಿ ಲೋಟ ಹಿಡಿದ್ರೂ ಗೊತ್ತಾಗಲ್ಲ."

"ಮತ್ತೆ ಭಾನುವಾರ ಎಲ್ಲರ ಚಾಕೂ ನೋಡಿ ಹೇಳ್ತಿದ್ರಲ್ಲ?"

"ಕೈಗೆ ತಗೊಳ್ಳೋ ಮುಂಚೆ ನಿನ್ನನ್ನ ಕೇಳ್ತಿದ್ದೆ, ನೆನಪಿದೆಯಾ? ನೀನು ಏನು ಹೇಳ್ತಿದ್ದೆಯೋ, ಅದನ್ನೇ ಸ್ವಲ್ಪ ತಿರುಗಿಸಿ ಹೇಳ್ತಿದ್ದೆ."

ಹಲ್ಲಿನವರು ಕಕ್ಕಾಬಿಕ್ಕಿಯಾದರು. ಎರಡು ವರ್ಷ ವೇದವಾಕ್ಯ ಎಂದು ತಲೆಯ ಮೇಲೆ ಹೊತ್ತು ಮನೆಗೆ ಒಯ್ದದ್ದೆಲ್ಲ ತಮ್ಮದೇ ಮಾತು! ಸಿಟ್ಟು ಬರಬೇಕಿತ್ತೋ ಏನೋ. ಬಂದದ್ದು ಸಂಕಟ. ಇಷ್ಟು ದಿನ ಇದನ್ನು ಒಬ್ಬರೇ ನುಂಗಿಕೊಂಡು ಕೂತಿದ್ದರಲ್ಲ ಅನ್ನಿಸಿತು. ಹಾಗಾದರೆ ಚಾಕುವನ್ನು ನನಗೇಕೆ ಕೊಟ್ಟಿರಿ ಎಂದು ಕೇಳಿದರು.

ಲಿಫ್ಟಣ್ಣ ಎರಡೂ ಚಾಕುಗಳನ್ನು ಇವರ ಕಡೆಗೆ ಸರಿಸಿದರು. "ಅದನ್ನ ತೆರೆದ್ರೆ ಹೇಗಿರ್ತಿತ್ತು ಅನ್ನೋದು ನಂಗೆ ಮರ್ತು ಹೋಗ್ತಾ ಇದೆ. ನೀನು ನೋಡಿ ಬಂದು ಹೇಳಿದ್ರೆ ನೆನಪಾಗಬಹುದು ಅಂದ್ಕೊಂಡೆ."

ಹಲ್ಲಿನವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಕೈಗೆ ಸಿಕ್ಕ ಚಾಕುವನ್ನು ಎತ್ತಿಕೊಂಡರು. ಯಾವುದು ಎಂದು ತುದಿ ನೋಡಲಿಲ್ಲ. ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ನಿಧಾನವಾಗಿ, ತುಂಬ ನಿಧಾನವಾಗಿ ಅಲಗನ್ನು ನೂಕತೊಡಗಿದರು.

"ಮೊದಲು ಒಂಚೂರು ತಡೆಯತ್ತೆ ಅಣ್ಣ. ಬೇಡ ಅಂತ ಅಲ್ಲ, ಸುಮ್ನೆ ಒಂಚೂರು. ಆಮೇಲೆ ತಾನಾಗೇ ಬಿಟ್ಕೊಡತ್ತೆ. ಅರ್ಧ ದಾರಿ ತನಕ ಬೆರಳು ಅದನ್ನ ಕರ್ಕೊಂಡು ಹೋಗತ್ತೆ, ಅಲ್ಲಿಂದ ಅದೇ ಬೆರಳನ್ನ ಕರ್ಕೊಂಡು ಹೋಗತ್ತೆ."

ಲಿಫ್ಟಣ್ಣನೂ ಕಣ್ಣು ಮುಚ್ಚಿದ್ದರು. ಮೇಜಿನ ಮೇಲೆ ಅವರ ಹೆಬ್ಬೆರಳು ಮೆಲ್ಲಗೆ ಅಲುಗುತ್ತಿತ್ತು.

"ಹೂಂ," ಎಂದರು. "ಆಮೇಲೆ?"