ಹಬ್ಬದ ನಸುಕಿನಲ್ಲಿ ಆರಿಸದ ಗೀಜರ್

ಯಾರ ಮನೆಗೆ ಹೋದರೂ ನಾನು ಚಹಾ ಬರುವುದರೊಳಗೆ ಒಮ್ಮೆ ಬಚ್ಚಲಿಗೆ ಹೋಗಿ ಬರುತ್ತೇನೆ. ಕೈಕಾಲು ತೊಳೆಯಲಿಕ್ಕಲ್ಲ, ಗೋಡೆಯ ಮೇಲಿನ ಗೀಜರ್ ಕೆಳಗೆ ನಿಂತು ಕತ್ತೆತ್ತಿ ನೋಡಲಿಕ್ಕೆ. ಅದರ ಹೊಟ್ಟೆಯ ಕೆಳಗೆ ಬೆರಳುದ್ದದ ಒಂದು ಹಿತ್ತಾಳೆಯ ವಾಲ್ವ್ ಇರುತ್ತದೆ. ಅದರ ಬಗಲಿಗೆ ಸಣ್ಣದೊಂದು ತೂತು. ಒಳಗೆ ಕಾವು ಮಿತಿಮೀರಿದಾಗ ನೀರು ಹನಿಹನಿಯಾಗಿ ಹೊರಬೀಳಲಿ ಎಂದು ಬಿಟ್ಟ ತೂತು ಅದು. ಅದನ್ನು ಯಾರಾದರೂ ಮುಚ್ಚಿದ್ದು ಕಂಡರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಒಮ್ಮೆ ಪುಣೆ ಹತ್ತಿರದ ದೌಂಡಿನಲ್ಲಿ ಸಂಬಂಧಿಕರೊಬ್ಬರ ಮನೆಯಲ್ಲಿ ಆ ತೂತಿಗೆ ಬಟ್ಟೆ ತುರುಕಿ ದಾರ ಸುತ್ತಿದ್ದರು. ನಾನು ಅಡುಗೆಮನೆಯಿಂದ ಚಾಕು ತಂದು, ಸ್ಟೂಲು ಹತ್ತಿ, ದಾರ ಕೊಯ್ದು ಹಾಕಿದೆ. ರೈಲ್ವೆಯಲ್ಲಿ ದೊಡ್ಡ ಕೆಲಸದಲ್ಲಿದ್ದ ಆ ಮನೆಯ ಯಜಮಾನರಿಗೆ ಹೆಂಡತಿ ಮಕ್ಕಳ ಎದುರಿಗೇ "ನಿಮಗ ಬುದ್ಧಿ ಅದನೋ ಇಲ್ಲೋ" ಎಂದೆ. ಅವರು ಮತ್ತೆ ನನ್ನನ್ನು ಊಟಕ್ಕೆ ಕರೆದಿಲ್ಲ. ಕರೆಯದಿದ್ದರೆ ಬೇಡ.

ಈ ಸಿಟ್ಟು ನನಗೆ ಅಪ್ಪನಿಂದ ಬಂದದ್ದು. ವಿಜಾಪುರದ ಕಡೆಯ ಅಪ್ಪ ಪುಣೆಯ ಜವಳಿ ಪೇಟೆಯಲ್ಲಿ ಗುಮಾಸ್ತರಾಗಿದ್ದರು. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮರಾಠಿಯಲ್ಲಿ ಬೆಣ್ಣೆಯಂತೆ ಮಾತಾಡುವ ಮನುಷ್ಯ, ಮನೆಯ ಹೊಸ್ತಿಲು ದಾಟಿದ ಮೇಲೆ ಕೈಯಿಂದಲೇ ಮಾತಾಡುತ್ತಿದ್ದರು. ಮೊದಲು ಏಟು, ವಿಚಾರಣೆ ಆಮೇಲೆ. ಅದರಲ್ಲೂ ನೀರಿನ ವಿಷಯಕ್ಕೆ ಬಂದರೆ ಮುಗಿದೇ ಹೋಯಿತು. ನಳ ಹನಿಯುವ ಮನೆಯಿಂದ ಲಕ್ಷ್ಮಿ ಹನಿಹನಿಯಾಗಿ ಹೊರಟುಹೋಗುತ್ತಾಳೆ ಎಂದು ಅವರಿಗೆ ಅವರ ಅಪ್ಪ ಹೇಳಿದ್ದರಂತೆ. ಆ ಲಕ್ಷ್ಮಿಯನ್ನು ಉಳಿಸಿಕೊಳ್ಳಲು ಇವರು ಮನೆಯೊಳಗಿನ ಲಕ್ಷ್ಮಿಯ ಕಪಾಳಕ್ಕೆ ಬಾರಿಸುತ್ತಿದ್ದರು. ಅವ್ವನ ಕಿವಿಯ ಓಲೆಯ ತಿರುಪು ಎರಡು ಸಲ ಹಾರಿಹೋಗಿ ಅಡುಗೆಮನೆಯ ಮೋರಿಯಲ್ಲಿ ಸಿಕ್ಕಿತ್ತು. ನಾನು ಒಬ್ಬಳೇ ಮಗಳು. ಅವ್ವನಿಗೆ ಏಟು ಬೀಳುವಾಗ ಬಾಗಿಲ ಹಿಂದೆ ನಿಂತು ನನ್ನ ತೋಳನ್ನು ನಾನೇ ಚಿವುಟಿಕೊಳ್ಳುತ್ತಿದ್ದೆ. ಅಡ್ಡ ಹೋದರೆ ನನಗೂ ಬೀಳುತ್ತಿತ್ತು, ಅದಕ್ಕಾಗಿ ಅವ್ವನಿಗೆ ಇನ್ನೆರಡು ಹೆಚ್ಚು ಬೀಳುತ್ತಿದ್ದವು.

ತೊಂಬತ್ತರ ದಶಕದ ಕೊನೆಗೆ ನಾವು ಪೇಟೆಯ ವಠಾರದಂಥ ವಾಡೆಯ ಎರಡು ಕೋಣೆ ಬಿಟ್ಟು ಪುಣೆಯಂಚಿನ ಕೊಂಢವಾ ಬಡಾವಣೆಯ ಹೊಸ ಕಟ್ಟಡವೊಂದಕ್ಕೆ ಬಂದೆವು. ಅಲ್ಲಿ ಬಚ್ಚಲಿನಲ್ಲಿ ಗೀಜರ್ ಇತ್ತು. ತಾಮ್ರದ ಹಂಡೆ ಅಟ್ಟ ಸೇರಿತು. ನನಗಾಗ ಹತ್ತೊಂಬತ್ತು. ಬೇರೆ ದಿನ ಗೀಜರ್ ಬಳಸುವುದರಲ್ಲಿ ತೊಂದರೆಯೇನಿರಲಿಲ್ಲ. ಹೊರಗಿನ ಪಡಸಾಲೆಯಲ್ಲಿದ್ದ ಸ್ವಿಚ್ ಹಾಕಿ, ಹದಿನೈದು ನಿಮಿಷ ಬಿಟ್ಟು ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಬೇಕು. ಅಷ್ಟೇ.

ಆ ವರ್ಷ ದೀಪಾವಳಿಗೆ ಹದಿನೈದು ದಿನ ಮೊದಲು ವಾಲ್ವ್ ಹನಿಯತೊಡಗಿತು. ಅಡುಗೆಮನೆಯ ನಳ ರಿಪೇರಿಗೆ ಬಂದಿದ್ದ ಮರಾಠಿ ಮಿಸ್ತ್ರಿಗೆ ತೋರಿಸಿದೆ. ಮನೆಯಲ್ಲಿ ಆಗ ನಾನೊಬ್ಬಳೇ ಇದ್ದೆ. ಆತ ಸ್ವಿಚ್ ಹಾಕಿ ಅರ್ಧ ತಾಸು ಕೂತ. ಕೆಂಪು ದೀಪ ಆರಲೇ ಇಲ್ಲ. ಕಾವು ಸಾಕಾದಾಗ ಕರೆಂಟು ಕಡಿಯುವ ಥರ್ಮೋಸ್ಟಾಟ್ ಹೋಗಿದೆ, ಹೊಸದು ಹಾಕಬೇಕು, ಹಬ್ಬದ ಮೇಲೆ ಬರುತ್ತೇನೆ, ಅಲ್ಲಿಯವರೆಗೆ ಹತ್ತು ನಿಮಿಷದ ಮೇಲೆ ಒಂದು ನಿಮಿಷವೂ ಬಿಡಬೇಡಿ ಎಂದ. ಹೊರಡುವಾಗ ಆ ತೂತಿನ ಕಡೆ ಬೆರಳು ಮಾಡಿ, "ಹೇ ಬಂದ್ ಕರೂ ನಕಾ", ಮುಚ್ಚಬೇಡಿ ಎಂದು ಎರಡು ಸಲ ಹೇಳಿದ. ಅದನ್ನು ಮುಚ್ಚಿದರೆ ಒಳಗಿನ ಉಗಿಗೆ ದಾರಿಯೇ ಇಲ್ಲ, ಇಡೀ ನೀರಿನ ಟಾಕಿ ಸಿಡಿದು ತಲೆಯ ಮೇಲೆ ಬರುತ್ತದೆ ಎಂದೂ ಹೇಳಿದ. ಅವ್ವನಿಗೆ ನಾನು ಹೇಳಿದ್ದು ಇಷ್ಟೇ: ಮಿಸ್ತ್ರಿ ಹಬ್ಬ ಆದ ಮೇಲೆ ಬರುತ್ತಾನೆ, ಅಲ್ಲಿಯವರೆಗೆ ಬೇಗ ಆರಿಸು. ಉಳಿದದ್ದನ್ನು ಹೇಳಿ ಅವಳನ್ನು ಹೆದರಿಸುವುದೇಕೆ ಎಂದುಕೊಂಡೆ. ಅವಳು ಹೆದರಲು ಮನೆಯಲ್ಲಿ ಬೇರೆಯದು ಸಾಕಷ್ಟಿತ್ತು.

ನಮ್ಮ ಕಡೆ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಬೆಳಗಿ, ಸುಣ್ಣದ ಪಟ್ಟೆ ಬರೆದು, ಹಾರ ಹಾಕಿ, ತುಂಬಿ, ಪೂಜೆ ಮಾಡಬೇಕು. ನಸುಕಿನಲ್ಲಿ ಎಲ್ಲರೂ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುವವರೆಗೆ ಅದರಿಂದ ಒಂದು ಹನಿಯೂ ಹೊರಗೆ ಹೋಗಬಾರದು. ಒಲೆ ಒಮ್ಮೆ ಹೊತ್ತಿತೆಂದರೆ ಕೊನೆಯವರು ಎರೆದುಕೊಳ್ಳುವವರೆಗೆ ಆರಿಸಕೂಡದು. ಇದು ನಮ್ಮ ಅಜ್ಜನ ಕಾಲದಿಂದ ಬಂದ ನೇಮ. ಹಂಡೆ ಅಟ್ಟ ಸೇರಿದರೂ ಅಪ್ಪ ನೇಮ ಬಿಡಲಿಲ್ಲ. ಅದನ್ನು ಪೂರಾ ಎತ್ತಿ ಗೀಜರ್ ಮೇಲೆ ಇಟ್ಟರು. ಗೀಜರೇ ಹಂಡೆ, ಸ್ವಿಚ್ಚೇ ಒಲೆ.

ನೀರು ತುಂಬುವ ದಿನ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಬೆತ್ತಲೆ ಬೆನ್ನ ಮೇಲೆ ಬಿಸಿ ಹನಿ ಬಿತ್ತು. ಟವೆಲ್ ಸುತ್ತಿಕೊಂಡೇ ಹೊರಗೆ ಬಂದರು.

"ಇದು ಎಷ್ಟ ದಿವಸದಿಂದ ಸೋರಾಕತ್ತದ?"

"ಹಬ್ಬ ಆದಮ್ಯಾಲ ಮಿಸ್ತ್ರಿ ಬರ್ತಾನಂತ್ರಿ," ಅಂದಳು ಅವ್ವ.

ಮಾತು ಮುಗಿಯುವ ಮೊದಲೇ ಏಟು ಬಿತ್ತು. ಅವ್ವ ಬಾಗಿಲ ಚೌಕಟ್ಟಿಗೆ ಬಡಿದುಕೊಂಡಳು. ಅಪ್ಪ ಅವಳ ತುರುಬು ಹಿಡಿದು ಬಚ್ಚಲಿಗೆ ಎಳೆದು, ಮುಖ ಮೇಲಕ್ಕೆತ್ತಿಸಿ, ಬೀಳುವ ಹನಿಯ ಕೆಳಗೆ ಹಿಡಿದರು. ಬಿಸಿ ಹನಿಗಳು ಅವಳ ಹಣೆಯ ಕುಂಕುಮದ ಮೇಲೆ ಬಿದ್ದು ಮೂಗಿನ ಮೇಲೆ ಕೆಂಪಗೆ ಇಳಿದವು.

"ಸಂಜಿಗೆ ನಾ ಬರೂದ್ರಾಗ ಇದು ನಿಂತಿರಬೇಕು. ಇಲ್ಲಂದ್ರ ನಿನ್ನ ಗತಿ ಏನಾಕ್ಕದ ನೋಡ್ಕೋ."

ಅಪ್ಪ ಅಂಗಡಿಗೆ ಹೋದರು. ಅವ್ವ ಮುಖ ತೊಳೆದುಕೊಂಡು, ಇನ್ನೊಮ್ಮೆ ಕುಂಕುಮ ಇಟ್ಟುಕೊಂಡು, ಚೆಂಡುಹೂವು ತರಲು ಪೇಟೆಗೆ ಹೋದಳು. ನಾನು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಎರಡು ಉಂಡೆ ಕಲಸಿ ಮೆತ್ತುವ ಸೀಲ್ ತಂದೆ, ತೂತಿಗೆ ಬೆಂಕಿಕಡ್ಡಿ ತುರುಕಿ ಮುರಿದೆ, ಮೇಲೆ ಸೀಲ್ ಮೆತ್ತಿ ಹೆಬ್ಬೆರಳಿನಿಂದ ಒತ್ತಿದೆ. ಮಿಸ್ತ್ರಿಯ ಮಾತು ನೆನಪಿರಲಿಲ್ಲ ಎಂದು ಸುಳ್ಳು ಹೇಳಲಾರೆ. ಚೆನ್ನಾಗಿ ನೆನಪಿತ್ತು. ಒಂದು ದಿನದ ಮಾತಲ್ಲವೇ, ನಾಳೆ ಎರೆಯುವುದು ಮುಗಿದೊಡನೆ ಕಿತ್ತರಾಯಿತು ಎಂದುಕೊಂಡೆ. ಸಂಜೆಯ ಹೊಡೆತ ಕಣ್ಣೆದುರಿಗಿತ್ತು, ಟಾಕಿ ಸಿಡಿಯುವುದು ದೂರದ ಮಾತಾಗಿತ್ತು. ಒಲೆ ಆರಿಸದ ನೇಮ ನನ್ನ ತಲೆಗೆ ಹೊಳೆಯಲೇ ಇಲ್ಲ.

ಸಂಜೆ ಅಪ್ಪ ಬಂದು ನೋಡಿದರು. ಹನಿ ನಿಂತಿತ್ತು. ಅವ್ವ ಸ್ಟೂಲು ಹತ್ತಿ ಗೀಜರ್‌ಗೆ ಸುಣ್ಣದ ಪಟ್ಟೆ ಬರೆದಳು, ಹಾರ ಹಾಕಿದಳು, ಆರತಿ ಮಾಡಿದಳು. ಮನೆಯಲ್ಲಿ ಯಾರೂ ಯಾರನ್ನೂ ಹೊಡೆಯದೆ ಊಟ ಮುಗಿಯಿತು.

ಮರುದಿನ ನಾಲ್ಕಕ್ಕೆ ಅವ್ವ ಎದ್ದು ಸ್ವಿಚ್ ಹಾಕಿದಳು. ಅಪ್ಪನನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚಿದಳು. ಎಣ್ಣೆ ಮೈಯಲ್ಲಿ ಇಳಿಯಲು ಒಂದು ತಾಸು ಬೇಕು. ನನಗೂ ಹಚ್ಚಿದಳು. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು, ಕೆಂಪು ದೀಪ ಉರಿಯುತ್ತಲೇ ಇತ್ತು. ನಾನು ಎದ್ದು ಸ್ವಿಚ್ಚಿನ ಕಡೆ ಹೋದೆ.

"ಎಲ್ಲಿ ಹೊಂಟಿ?" ಅಂದರು ಅಪ್ಪ.

"ನೀರ ಕಾದಾವ ಅಪ್ಪಾ. ಆರಸ್ತೀನಿ."

"ಒಲಿ ಆರಸಬ್ಯಾಡ. ಬಂದ ಕುಂದರು."

ಬಂದು ಕೂತೆ. ಇವತ್ತಿಗೂ ಈ ಎರಡು ಪದ ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತೇನೆ. ಬಂದು ಕೂತೆ. ಹೊರಗೆ ಯಾರದೋ ಮನೆಯವರು ಸರಪಟಾಕಿ ಹಚ್ಚಿದರು. ಅದು ಮುಗಿದ ಮೇಲೆ ಬಚ್ಚಲಿನಿಂದ ಸಪ್ಪಳ ಕೇಳಿತು. ಮೊದಲು ಗುಂಯ್ ಎನ್ನುವ ಸಣ್ಣ ನಾದ, ಆಮೇಲೆ ಮುಚ್ಚಳ ಬಿಗಿದ ಪಾತ್ರೆಯಲ್ಲಿ ಬೇಳೆ ಕುದಿಯುವಂಥ ಸದ್ದು, ಆಮೇಲೆ ಗೋಡೆಯೊಳಗಿನ ಪೈಪು ಕಟಕಟ ಬಡಿಯತೊಡಗಿತು.

ಏನಾಗುತ್ತಿದೆ ಎಂದು ಆ ಮನೆಯಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಹೇಳಬೇಕೆಂದರೆ ತೂತು ಮುಚ್ಚಿದ್ದು ನಾನು ಎಂದೂ ಹೇಳಬೇಕು. ಹಬ್ಬದ ನಸುಕಿನಲ್ಲಿ, ಪೂಜೆ ಮಾಡಿದ ಹಂಡೆಗೆ ಕಡ್ಡಿ ತುರುಕಿದವಳಿಗೆ ಬೀಳುವ ಏಟು ಎಂಥದೆಂದು ಲೆಕ್ಕ ಹಾಕುತ್ತ ಒಂದು ನಿಮಿಷ ಬಾಯಿ ಮುಚ್ಚಿಕೊಂಡು ಕೂತೆ. ಹತ್ತೊಂಬತ್ತು ವರ್ಷದ ಕತ್ತೆ, ಒಂದು ಕಪಾಳಮೋಕ್ಷಕ್ಕೆ ಹೆದರಿ.

ತಾಸು ಮುಗಿಯಿತೆಂದು ಅಪ್ಪ ಸ್ನಾನಕ್ಕೆ ಮಣೆಯಿಂದ ಏಳಹೊರಟರು.

"ನೀವು ಕುಂದರ್ರಿ. ನಾ ಮೊದಲ ಹೋಗಿ ಬಕೀಟನ್ಯಾಗ ನೀರ ಬೆರಸಿ ಇಟ್ಟ ಬರ್ತೀನಿ," ಎಂದು ಅವ್ವ ಒಳಗೆ ಹೋದಳು.

"ಅವ್ವಾ, ಹೋಗಬ್ಯಾಡ" ಎಂದು ನನ್ನ ಬಾಯಿಂದ ಮಾತು ಹೊರಟದ್ದಕ್ಕೂ ಅದು ಸಿಡಿದದ್ದಕ್ಕೂ ನಡುವೆ ಉಸಿರಿನಷ್ಟೂ ಜಾಗವಿರಲಿಲ್ಲ. ನೆಲ ಅದುರಿತು. ಬಚ್ಚಲ ಬಾಗಿಲು ಕೀಲು ಕಿತ್ತು ಎದುರಿನ ಗೋಡೆಗೆ ಬಡಿಯಿತು. ಬಿಳಿ ಉಗಿ ಪಡಸಾಲೆಯ ತುಂಬ ನುಗ್ಗಿತು, ಅದರೊಳಗಿಂದ ಟೈಲ್ಸಿನ ಚೂರುಗಳು ನನ್ನ ಕಾಲಿಗೆ ಬಂದು ನಾಟಿದವು. ನಾನು ಮೊದಲು ಸ್ವಿಚ್ ಆರಿಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ಅಪ್ಪ ಎದ್ದು ಓಡಲು ಹೋಗಿ ಎಣ್ಣೆಗಾಲಿಗೆ ಜಾರಿ ಬಿದ್ದರು, ಮತ್ತೆ ಎದ್ದರು, ಮತ್ತೆ ಬಿದ್ದರು. ನಾನು ತೆವಳಿಕೊಂಡು ಒಳಗೆ ಹೋದೆ. ಗೀಜರ್‌ನ ತಳ ಹರಿದು ಸಿಪ್ಪೆಯಂತೆ ತೆರೆದುಕೊಂಡಿತ್ತು. ಅವ್ವ ಮೂಲೆಯಲ್ಲಿ ಮುದ್ದೆಯಾಗಿದ್ದಳು. ಸ್ಟೂಲು ಅವಳ ಮೇಲೆ ಬಿದ್ದಿತ್ತು. ಎಡಗೈ ಹಿಡಿದು ಎಳೆದೆ. ಚರ್ಮ ಬಳೆಗಳ ಸಮೇತ ನನ್ನ ಕೈಗೆ ಬಂತು. ಅವಳು ಕೂಗಲಿಲ್ಲ, ನಾನು ಕೂಗಿದೆ.

ಅಪ್ಪ ಅವಳನ್ನು ಹಾಸಿಗೆಯ ಚಾದರದಲ್ಲಿ ಎತ್ತಿಕೊಂಡು ಮೂರು ಮಹಡಿ ಇಳಿದರು. ಎಣ್ಣೆ ಮೈಯಲ್ಲಿ, ಪಂಚೆ ಮಾತ್ರ ಉಟ್ಟುಕೊಂಡು ರಿಕ್ಷಾದಲ್ಲಿ ಕೂತರು. ದಾರಿಯುದ್ದಕ್ಕೂ ಪಟಾಕಿ. ಒಂದೊಂದು ಸದ್ದಿಗೂ ಅವ್ವನ ಮೈ ಬೆಚ್ಚಿ ಬೀಳುತ್ತಿತ್ತು, ಒಂದೊಂದು ಸದ್ದಿಗೂ ಅಪ್ಪ ಆ ಓಣಿಯವರಿಗೆಲ್ಲ ಮರಾಠಿಯಲ್ಲಿ ತಾಯಿ ಅಕ್ಕ ಬಯ್ಯುತ್ತಿದ್ದರು.

ಬದುಕುತ್ತಾಳೋ ಇಲ್ಲವೋ ಎಂದು ಡಾಕ್ಟರು ನಾಲ್ಕು ದಿನ ಹೇಳಲಿಲ್ಲ. ಐದನೆಯ ದಿನ ಬದುಕುತ್ತಾಳೆ ಎಂದರು. ಆರನೆಯ ದಿನ ಮಧ್ಯಾಹ್ನ ಅಪ್ಪ ವಾರ್ಡಿಗೆ ಬಂದು ಜೇಬಿನಿಂದ ಒಂದು ಹಿತ್ತಾಳೆಯ ತುಂಡು ತೆಗೆದು ಹಾಸಿಗೆಯ ಮೇಲೆ ಇಟ್ಟರು. ಮುರಿದ ವಾಲ್ವ್. ಬಚ್ಚಲು ತೊಳೆಯುವಾಗ ಸಿಕ್ಕಿತ್ತಂತೆ. ಸೀಲ್ ಇನ್ನೂ ಅದರ ಬಾಯಿಗೆ ಅಂಟಿಕೊಂಡಿತ್ತು, ನನ್ನ ಹೆಬ್ಬೆರಳಿನ ಗುರುತೂ ಇತ್ತು.

"ಇದನ್ನ ಯಾರ ಮೆತ್ತಿದ್ರು?"

ನಾನು ಬಾಯಿ ತೆರೆಯುವ ಮೊದಲೇ ಅವ್ವ, "ನಾನ ಮೆತ್ತೀನ್ರಿ" ಅಂದಳು.

ಅಪ್ಪನ ಕೈ ಮೇಲೆದ್ದಿತು. ಅದು ಅಭ್ಯಾಸದ ಕೈ. ಕುತ್ತಿಗೆ, ಎಡತೋಳು, ಬೆನ್ನು, ಕೆನ್ನೆ, ಎಲ್ಲೆಡೆ ಪಟ್ಟಿ. ಹೊಡೆಯಲು ಜಾಗ ಹುಡುಕುತ್ತ ಆ ಕೈ ಗಾಳಿಯಲ್ಲಿ ನಿಂತಿತು. ನಾನು ಅದನ್ನು ಹಿಡಿದೆ.

"ಅವ್ವ ಅಲ್ಲ. ನಾ ಮೆತ್ತೀನಿ. ನಿಮ್ಮ ಹೊಡತ ತಪ್ಪಸಾಕ ಮೆತ್ತೀನಿ."

ಅವರು ಇನ್ನೊಂದು ಕೈಯಿಂದ ನನ್ನ ಕಪಾಳಕ್ಕೆ ಹೊಡೆದರು. ನಾನು ತಿರುಗಿ ಹೊಡೆದೆ. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಅವರ ಕನ್ನಡಕ ಹಾರಿ ಪಕ್ಕದ ಹಾಸಿಗೆಯ ಕೆಳಗೆ ಬಿತ್ತು. ಆ ಹಾಸಿಗೆಯ ಮರಾಠಿ ಮುದುಕಿ "ಅಗ ಬಾಈ" ಎನ್ನುತ್ತ ಸೆರಗು ಬಾಯಿಗಿಟ್ಟುಕೊಂಡಳು. "ಹೊರಗ ಹೋಗ್ರಿ" ಎಂದೆ. ಹೊಡೆದ ಮೇಲೂ ಬಹುವಚನ ಬಿಟ್ಟಿರಲಿಲ್ಲ. ಅಪ್ಪ ಬಗ್ಗಿ ಕನ್ನಡಕ ತೆಗೆದುಕೊಂಡು, ಗೋಡೆ ಹಿಡಿದುಕೊಂಡು, ಹೊರಗೆ ಹೋದರು.

ಆಮೇಲೆ ಅವ್ವ ಮೆಲ್ಲಗೆ ಮಾತಾಡಿದಳು. ತುಟಿ ಬಾತುಕೊಂಡಿದ್ದರಿಂದ ನಾನು ಕಿವಿ ಹತ್ತಿರ ಒಯ್ಯಬೇಕಾಯಿತು.

"ಹಾರ ಹಾಕೂ ಮುಂದನ ನೋಡಿದ್ದೆ. ನಿನ್ನ ಕೈಕೆಲಸ ಅಂತ ಗೊತ್ತಾತು. ಅವ್ರು ಜಳಕಕ್ಕ ಕುಂತ್ರ ಮ್ಯಾಲ ನೋಡೇ ನೋಡ್ತಾರ, ಹಬ್ಬದ ದಿವಸ ನಿನ್ನ ಬಡೀತಾರ ಅಂತ, ಕಿತ್ತ ಒಗ್ಯಾಕ ಹೋದೆ. ಅದು ಹಿಂಗ ಸಿಡೀತದಂತ ನನಗೇನ ಗೊತ್ತ?"

ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅದನ್ನು ನಾನು ಅವಳಿಗೆ ಆ ದಿನ ಹೇಳಲಿಲ್ಲ. ಎರಡು ವರ್ಷ ಬಿಟ್ಟು ಹೇಳಿದಾಗ ಅವಳು ಕೈಯಲ್ಲಿದ್ದ ಮೆಂತ್ಯದ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ, "ಹೂಂ" ಎಂದಳು ಅಷ್ಟೇ.

ಅಪ್ಪ ಆಮೇಲೆ ಬದುಕಿದ್ದ ಏಳೆಂಟು ವರ್ಷ ನಮ್ಮಿಬ್ಬರ ಮೇಲೆ ಕೈ ಎತ್ತಲಿಲ್ಲ. ನನ್ನ ಒಂದೇ ಏಟಿಗೆ ಎಲ್ಲ ನಿಂತುಹೋಯಿತು. ಅದು ಅಷ್ಟು ಸುಲಭವಾಗಿತ್ತು ಎಂಬುದನ್ನೇ ನನಗೆ ಸಹಿಸಿಕೊಳ್ಳಲು ಆಗುವುದಿಲ್ಲ. ಅವ್ವನ ಕುತ್ತಿಗೆಯ ಚರ್ಮ ಬಿಗಿದುಹೋಯಿತು. ಎಡಗಡೆಯಿಂದ ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಾಳೆ. ಹಾಗೆ ತಿರುಗಿದಾಗಲೆಲ್ಲ ನನಗೆ ಸಿಟ್ಟು ಬರುವುದು ಅಪ್ಪನ ಮೇಲಲ್ಲ. ಆ ಏಟನ್ನು ನಾನು ಆರು ದಿನ ಮೊದಲೇ, ಅವರು ಅವಳ ತುರುಬು ಹಿಡಿದ ಬೆಳಿಗ್ಗೆಯೇ, ಕೊಡಬೇಕಾಗಿತ್ತು.