ಮಿಷನ್ ಆಫ್ ಮಾಡಿದ ಮೇಲೆ

ಮೊದಲು ನಡುಗಿದ್ದು ಬಲಗೈ ಹೆಬ್ಬೆರಳು. ಚನ್ನಪಟ್ಟಣದ ನಮ್ಮ ಮನೆಯ ಹಿಂದೆಯೇ ರೇಷ್ಮೆ ನೂಲು ತೆಗೆಯುವ ಶೆಡ್ಡು. ಬಿಸಿನೀರಿನಲ್ಲಿದ್ದ ಗೂಡಿನ ಎಳೆ ಹಿಡಿಯಲು ಹೋದೆ, ಸಿಗಲಿಲ್ಲ. ಸುಸ್ತಿಗೆ ಹಾಗಾಗಿದೆ ಅಂದುಕೊಂಡೆ.

ಪಾರ್ಕಿನ್ಸನ್ ಅಂದರು ಬೆಂಗಳೂರಿನ ಡಾಕ್ಟರು.

ಕೆಲವು ವರ್ಷ ಮಾತ್ರೆಯಲ್ಲಿ ಹೇಗೋ ನಡೆಯಿತು. ಆಮೇಲೆ ಅನ್ನ ಬಾಯಿಗೆ ಹೋಗುವ ಮುಂಚೆ ಸೆರಗಿಗೆ ಬೀಳತೊಡಗಿತು. ಮಾತಿನ ಸದ್ದೂ ಅಡಗಿತು. ಕಡೆಗೆ ಮಿದುಳಿನೊಳಗೆ ಸಣ್ಣ ವೈರ್ ಇಟ್ಟು, ಎದೆಯ ಚರ್ಮದ ಕೆಳಗೆ ಬ್ಯಾಟರಿ ಕೂರಿಸುವ ಆಪರೇಷನ್ ಮಾಡಿದರು. ಕರೆಂಟ್ ಕೊಟ್ಟ ದಿನ ಕಾಫಿ ಲೋಟ ತುಳುಕಲಿಲ್ಲ. ನಾನು ಅತ್ತುಬಿಟ್ಟೆ.

ಊರಿಗೆ ಬಂದಮೇಲೆ ನೋಡಿದರೆ ಕೈಯ ಜೊತೆ ನಾಲಿಗೆಯೂ ಚುರುಕಾಗಿತ್ತು. ಮಗಳು ಶೋಭಾಳನ್ನು ನನ್ನ ತಮ್ಮನಿಗೆ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ನಮ್ಮಲ್ಲಿ ಅಕ್ಕನ ಮಗಳು ಅಂದರೆ ಸೋದರಮಾವನಿಗೇ. ಅವಳಿಗೆ ಇಷ್ಟವಿಲ್ಲವೆಂದು ನನಗೆ ಗೊತ್ತಿತ್ತು, ಆದರೆ ನಾನು ಬಾಯಿ ಬಿಟ್ಟಿರಲಿಲ್ಲ. ಈಗ ಎಲ್ಲರೂ ಕೂತಿದ್ದಾಗ, ಈ ಮದುವೆ ಬೇಡ ಅಂದುಬಿಟ್ಟೆ.

ತಮ್ಮನಿಗೆ ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸ. ಮಿಷನ್ ವಿಷಯಕ್ಕೆ ನಮ್ಮ ಮನೆಯಲ್ಲಿ ಅವನು ಹೇಳಿದ್ದೇ ಕೊನೆ. ಕೋಪಿಸಿಕೊಳ್ಳಲಿಲ್ಲ, ಕನಿಕರದಿಂದ ನನ್ನ ನೋಡಿ ನಮ್ಮನೆಯವರಿಗೆ ಹೇಳಿದ.

"ಭಾವ, ಇದು ನಮ್ಮಕ್ಕನ ಮಾತಲ್ಲ. ಒಳಗಿರೋ ಮಿಷನ್ನು ಆಡುಸ್ತಾ ಐತೆ."

ಕರೆಂಟ್ ಹೆಚ್ಚುಕಮ್ಮಿಯಾದರೆ ಸ್ವಭಾವ ಬದಲಾಗಬಹುದು ಎಂದು ಡಾಕ್ಟರೂ ಹೇಳಿದ್ದರಲ್ಲ. ಅಂದಿನಿಂದ ತರಕಾರಿಯವನ ಹತ್ತಿರ ಚೌಕಾಸಿ ಮಾಡಿದರೂ, ಅತ್ತೆಗೆ ಎದುರಾಡಿದರೂ ಅದೇ ಅನುಮಾನ. ಇದು ನಾನಾ, ಬ್ಯಾಟರಿಯಾ? ತಲೆಯೊಳಗಿನ ವೈರಿನ ಮಾತು ಕೇಳಿ ತವರನ್ನೂ ಮಗಳ ಬಾಳನ್ನೂ ಕೆಡಿಸುತ್ತಿದ್ದೇನೆಯೇ? ಕನ್ನಡಿ ನೋಡಿಕೊಳ್ಳಲೂ ಭಯವಾಗುತ್ತಿತ್ತು.

ಮುಂದಿನ ಚೆಕಪ್‌ಗೆ ನಮ್ಮನೆಯವರು ಕರೆಂಟ್ ಕಮ್ಮಿ ಮಾಡಿಸಲೆಂದೇ ಬಂದರು. ಡಾಕ್ಟರು ನಿಮಗೇನು ಬೇಕಮ್ಮ ಎಂದು ನನ್ನನ್ನು ಕೇಳಿದರು. ಒಂದು ಸಲ ಪೂರ್ತಿ ಆಫ್ ಮಾಡಿ, ನನಗೂ ಗೊತ್ತಾಗಬೇಕು ಅಂದೆ.

ಮಾಡಿದರು.

ಕೈ ನಡುಗತೊಡಗಿತು. ಕಾಲು, ದವಡೆ, ಒಂದೊಂದೇ ಬಿಗಿದುಕೊಂಡವು. ಜೊತೆಗೆ ಹಳೆಯ ಹೆದರಿಕೆಯೂ ಬಂದು ಕೂತಿತು. ತಮ್ಮ ಏನಂದುಕೊಂಡಾನು, ತವರಿನ ಬಾಗಿಲು ಮುಚ್ಚಿದರೆ ಏನು ಗತಿ. ನನ್ನ ಧೈರ್ಯವೆಲ್ಲ ಆ ಮಿಷನ್ನಿನದೇ ಇರಬೇಕು ಅನಿಸಿತು.

ನಮ್ಮನೆಯವರು ಬಗ್ಗಿ ನನ್ನ ಬಾಯಿಯ ಹತ್ತಿರ ಕಿವಿ ತಂದರು. "ಈಗ ಯೋಳು. ಶೋಭನ್ನ ಕೊಡಾನಾ?"

ತುಟಿ ಅಲುಗಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು.

"ಬ್ಯಾಡ."

ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಇವಳ್ದೇ ಮಾತು ಸಾರ್. ಆನ್ ಮಾಡ್ಬುಡಿ."

ತಮ್ಮ ಈಗ ಮನೆಗೆ ಬರುತ್ತಿಲ್ಲ, ಆ ಸಂಕಟ ಇದೆ. ಶೋಭಾ ಕಾಲೇಜಿಗೆ ಹೋಗುತ್ತಿದ್ದಾಳೆ. ಬ್ಯಾಟರಿ ಮುಗಿಯುವ ದಿನವನ್ನು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ. ಆದರೆ ಅಂದು ಯಾರಾದರೂ ಬಂದು ಅದೇ ಪ್ರಶ್ನೆ ಕೇಳಿದರೆ ನಾನು ಏನು ಹೇಳುತ್ತೇನೆಂದು ನನಗೆ ಗೊತ್ತಿದೆ.