ನಾಲ್ಕು ಖಾಲಿ ಮನೆ

೧೯೬೧ರ ಏಪ್ರಿಲ್ ತಿಂಗಳು. ಆಗ ನಾನು ಪುತ್ತೂರು ಸೀಮೆಯ ಒಂದು ಸಣ್ಣ ತಂತಿ ಕಚೇರಿಯಲ್ಲಿ ಸಿಗ್ನಲರ್ ಆಗಿದ್ದೆ. ಸಿಗ್ನಲರ್ ಎಂದರೆ ಮೋರ್ಸ್ ಸಂಕೇತದಲ್ಲಿ ಬರುವ ಟೆಲಿಗ್ರಾಂಗಳನ್ನು ಕಿವಿಯಿಂದ ಕೇಳಿ ಕೈಯಿಂದ ಬರೆದುಕೊಳ್ಳುವವನು. ಪ್ರತಿಯೊಂದು ಇಂಗ್ಲಿಷ್ ಅಕ್ಷರಕ್ಕೂ ಒಂದಿಷ್ಟು ಚುಕ್ಕಿ, ಒಂದಿಷ್ಟು ಗೆರೆ. ಮೇಜಿನ ಮೇಲಿನ ಸೌಂಡರ್ ಎಂಬ ಹಿತ್ತಾಳೆಯ ಯಂತ್ರ ಅದನ್ನು ಟಕಟಕ ಎಂದು ಬಡಿಯುತ್ತಿತ್ತು. ಊರಿನವರು ನನ್ನನ್ನು ತಂತಿ ಮಾಸ್ಟ್ರು ಎಂದು ಕರೆಯುತ್ತಿದ್ದರು.

ನನಗೆ ಇನ್ನೊಂದು ಹುಚ್ಚೂ ಇತ್ತು, ಪದಬಂಧ. ಮದರಾಸಿನ ಇಂಗ್ಲಿಷ್ ಪತ್ರಿಕೆ ಒಂದು ದಿನ ತಡವಾಗಿ ಬಸ್ಸಿನಲ್ಲಿ ಬರುತ್ತಿತ್ತು. ದೇಶದಲ್ಲಿ ಏನೇ ಆಗಿರಲಿ, ನಾನು ಮೊದಲು ತೆರೆಯುತ್ತಿದ್ದುದು ಪದಬಂಧದ ಪುಟವನ್ನು. ಆಮೇಲೆ ಕರಾವಳಿಯ ಒಂದು ವಾರಪತ್ರಿಕೆಗೆ ನಾನೇ ಕನ್ನಡದಲ್ಲಿ ಪದಬಂಧ ರಚಿಸಿ ಕಳಿಸತೊಡಗಿದೆ. 'ಸೂರ್ಯನ ಇನ್ನೊಂದು ಹೆಸರು' ಎಂಬಂಥ ಸುಳಿವು ನನಗೆ ಸೇರದು, ಅದು ಶಾಲೆಯ ಪರೀಕ್ಷೆ. ಒಳ್ಳೆಯ ಸುಳಿವು ಓದುಗನನ್ನು ಒಮ್ಮೆ ಬೇರೆ ದಾರಿಗೆ ಕಳಿಸಬೇಕು. ಉತ್ತರ ಹೊಳೆದಾಗ ಅವನು 'ಛೆ, ಕಣ್ಣೆದುರೇ ಇತ್ತಲ್ಲ' ಎಂದು ಹಣೆ ಚಚ್ಚಿಕೊಳ್ಳಬೇಕು. ಆ ಒಂದು ಕ್ಷಣದ ಸುಖಕ್ಕಾಗಿ ನಾನು ಎಷ್ಟೋ ಊಟದ ರುಚಿ ಕಳೆದುಕೊಂಡಿದ್ದೇನೆ. ಒಂದು ಮನೆ ಖಾಲಿ ಉಳಿದರೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಚೌಕಗಳಿಗೆ ನಾವು ಮನೆ ಎನ್ನುವುದು. "ಉಣ್ಣುವಾಗ ಆದ್ರೂ ಆ ಮನೆಗಳನ್ನು ಬಿಟ್ಟು ಈ ಮನೆಗೆ ಬನ್ನಿ ಮಾರಾಯ್ರೆ" ಎಂದು ನನ್ನ ಹೆಂಡತಿ ಗದರಿಸುತ್ತಿದ್ದಳು.

ಆ ದಿನ ಪದಬಂಧ ಮೂರು ಗಂಟೆಯ ಟಪಾಲಿಗೆ ಹೋಗಬೇಕಿತ್ತು. ಒಂದೇ ಒಂದು ಶಬ್ದಕ್ಕೆ ಸುಳಿವು ಸಿಕ್ಕಿರಲಿಲ್ಲ. ಅದು ಪುತ್ತೂರಿನ ಪಕ್ಕದ ಕಬಕ. ಬೆಳಿಗ್ಗೆಯಿಂದ ಅದೇ ಗುಂಗು. ಗಡ್ಡ ಹೆರೆಯುವಾಗ ಗಲ್ಲ ಕೊಯ್ದುಕೊಂಡದ್ದೂ ಆಯಿತು. ಹನ್ನೆರಡೂವರೆಗೆ ಥಟ್ಟನೆ ಹೊಳೆಯಿತು: 'ಹೋಗುವಾಗಲೂ ಅದೇ, ಬರುವಾಗಲೂ ಅದೇ, ಮೂರಕ್ಷರದ ಊರು.' ಕ-ಬ-ಕ, ಯಾವ ಕಡೆಯಿಂದ ಓದಿದರೂ ಒಂದೇ! ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಸೌಂಡರ್ ಬಡಿಯತೊಡಗಿತು.

ಮಂಗಳೂರಿನಿಂದ ಎಕ್ಸ್‌ಪ್ರೆಸ್ ಟೆಲಿಗ್ರಾಂ. ಹೊರಗೆ ಆ ವರ್ಷದ ಮೊದಲ ಗುಡುಗು ಶುರುವಾಗಿತ್ತು. ಮಿಂಚು ಹೊಡೆದಾಗೆಲ್ಲ ತಂತಿಯಲ್ಲಿ ಸುಳ್ಳು ಸದ್ದು ಸೇರಿ ಅಕ್ಷರ ಕಲಸಿಹೋಗುತ್ತಿತ್ತು. ಒಕ್ಕಣೆ ಸ್ಪಷ್ಟವಾಗಿ ಸಿಕ್ಕಿತು: ಮಗಳ ಸ್ಥಿತಿ ಗಂಭೀರ, ಆಪರೇಶನ್ ಆಗಬೇಕು, ಕೂಡಲೇ ಹೊರಡಿ. ವಿಳಾಸದಲ್ಲಿ ಮಾತ್ರ ನಾಲ್ಕು ಅಕ್ಷರ ಗುಡುಗಿನ ಪಾಲಾಗಿತ್ತು. ಹೆಸರಿನಲ್ಲಿ ಎರಡು, ಊರಿನಲ್ಲಿ ಎರಡು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ತರಬೇತಿಯ ಮೊದಲ ವಾರವೇ ಕಲಿಸಿರುತ್ತಾರೆ. ಸಂಶಯ ಬಂದ ಶಬ್ದವನ್ನು ಊಹಿಸಬಾರದು, ಮತ್ತೊಮ್ಮೆ ಕಳಿಸಲು ಕೇಳಬೇಕು. ನಾನು ಕೇಳಲಿಲ್ಲ. ಇಂಗ್ಲಿಷಿನಲ್ಲಿ ಆರಕ್ಷರದ ಊರು: ಮೊದಲನೆಯದು ಕೆ, ಎರಡು, ನಾಲ್ಕು, ಆರನೆಯವು ಎ. ನಡುವೆ ಎರಡು ಮನೆ ಖಾಲಿ. ಕೈ ತಡೆಯಲಿಲ್ಲ, ಕಬಕ ಎಂದು ತುಂಬಿಸಿದೆ. ಹೆಸರಿನ ಮನೆಗಳಿಗೆ ಇಬ್ರಾಹಿಂ ಸರಿಯಾಗಿ ಕೂತಿತು. ಕಬಕದಲ್ಲಿ ಬೆಲ್ಲ, ಒಣಮೀನಿನ ವ್ಯಾಪಾರ ಮಾಡುವ ಇಬ್ರಾಹಿಂ ಸಾಹೇಬರು ನನಗೆ ಗೊತ್ತು. ಅವರ ಒಬ್ಬಳೇ ಮಗಳನ್ನು ಮಂಗಳೂರಿಗೆ ಕೊಟ್ಟದ್ದೂ ಗೊತ್ತು. ಎಡದಿಂದ ಬಲಕ್ಕೂ ಕೂಡಿತು, ಮೇಲಿನಿಂದ ಕೆಳಕ್ಕೂ ಕೂಡಿತು. ತಂತಿ ಹಂಚುವ ಐತಪ್ಪನನ್ನು ಸೈಕಲ್ಲಿನಲ್ಲಿ ಕಬಕಕ್ಕೆ ಓಡಿಸಿದೆ. ಅಷ್ಟು ಹೊತ್ತೂ ನನಗೆ ಖುಷಿಯೇ ಆಗಿತ್ತು ಎಂದು ಇವತ್ತು ಹೇಳಲು ನಾಚಿಕೆಯಾಗುತ್ತದೆ.

ಒಂದೂವರೆಗೆ ಇಬ್ರಾಹಿಂ ಸಾಹೇಬರ ಹಳೆಯ ಜೀಪು ಬಂದು ನಿಂತಿತು. ಅವರು ಟೆಲಿಗ್ರಾಂ ಹಿಡಿದುಕೊಂಡೇ ಒಳಗೆ ಬಂದರು.

"ತಂತಿ ಮಾಸ್ಟ್ರೆ, ಇದು ಎಂತ? ಅಂಗಡಿಯಲ್ಲಿ ಓದಿ ನನ್ನ ಕೈಕಾಲೇ ಬಿದ್ದುಹೋಯ್ತು. ಮನೆಗೆ ಓಡಿ ನೋಡಿದ್ರೆ ಮಗಳು ನಮ್ಮ ಅಡಿಗೆಮನೆಯಲ್ಲಿ ರೊಟ್ಟಿ ತಿಂತಾ ಇದ್ದಾಳೆ! ಹೆರಿಗೆಗೆ ಅಂತ ಬೆಳಿಗ್ಗೆಯ ಬಸ್ಸಿಗೆ ಬಂದದ್ದು ಅವಳು, ಅಂಗಡಿಯಲ್ಲಿದ್ದ ನನಗೆ ಗೊತ್ತೇ ಇಲ್ಲ."

ಸಂಕೇತ ಕಳಿಸುವ ಕೀಗೆ ಕೈಹಾಕಿ ಮಂಗಳೂರನ್ನು ಕರೆದೆ, ವಿಳಾಸ ಮತ್ತೆ ಕಳಿಸಿ ಎಂದು. ಗುಡುಗು ಬಿಟ್ಟಿರಲಿಲ್ಲ. ನಾಲ್ಕನೆಯ ಸಲಕ್ಕೆ ಒಂದೊಂದೇ ಅಕ್ಷರವಾಗಿ ಬಂತು: ಅಬ್ರಹಾಂ, ಕಡಬ. ಮೋರ್ಸ್‌ನಲ್ಲಿ ಎ ಅಂದರೆ ಒಂದು ಚುಕ್ಕಿ, ಒಂದು ಗೆರೆ. ಐ ಅಂದರೆ ಎರಡು ಚುಕ್ಕಿ. ಡಿಗೆ ಇನ್ನೊಂದು ಚುಕ್ಕಿ ಸೇರಿದರೆ ಅದು ಬಿ. ಬಿ, ಕೆ ಎರಡರ ಶುರುವೂ ಒಂದು ಗೆರೆ, ಒಂದು ಚುಕ್ಕಿ. ಅಷ್ಟೇ ವ್ಯತ್ಯಾಸ. ಕಡಬವೂ ಆರಕ್ಷರ ಎಂಬುದು ನನಗೆ ಹೊಳೆದೇ ಇರಲಿಲ್ಲ. ಕಡಬಕ್ಕೆ ನಮ್ಮಲ್ಲಿಂದ ತಂತಿ ಇರಲಿಲ್ಲ, ಟೆಲಿಗ್ರಾಂ ಬಸ್ಸಿನಲ್ಲಿ ಹೋಗಬೇಕು. ಮಧ್ಯಾಹ್ನದ ಬಸ್ಸು ಒಂದು ಗಂಟೆಗೇ ಹೊರಟುಹೋಗಿತ್ತು.

"ಯಾರು ಈ ಅಬ್ರಹಾಂ?" ಸಾಹೇಬರು ಕೇಳಿದರು.

"ಕೇರಳದಿಂದ ಬಂದವರು, ಕಡಬದ ಹತ್ತಿರ ರಬ್ಬರ್ ಹಾಕಿದ್ದಾರೆ. ಮಗಳು ಮಂಗಳೂರಲ್ಲಿ ನರ್ಸ್ ಕಲಿಯುದು" ಎಂದ ಐತಪ್ಪ. ಅವನಿಗೆ ತಾಲೂಕಿನ ಎಲ್ಲರ ಮನೆಯೂ ಗೊತ್ತು.

ನಾನು ಸಾಹೇಬರ ಕ್ಷಮೆ ಕೇಳಲು ಹೊರಟೆ. ಅವರು ಕೈ ಅಡ್ಡ ಹಿಡಿದರು.

"ಅದು ಮತ್ತೆ. ಅರ್ಧ ಗಂಟೆ ಈ ಹೆದರಿಕೆ ನಾನು ಹೊತ್ತುಕೊಂಡಿದ್ದೇನೆ, ಅದು ಹೇಗಿರ್ತದೆ ಅಂತ ಗೊತ್ತುಂಟು. ಇನ್ನು ಅವರದ್ದು ಅವರಿಗೆ ಮುಟ್ಟಿಸುವ. ಐತಪ್ಪ, ಜೀಪು ಹತ್ತು, ದಾರಿ ತೋರಿಸು."

ಅವರು ಹೋದ ಮೇಲಿನ ನಾಲ್ಕು ಗಂಟೆ ನಾನು ಹೇಗೆ ಕಳೆದೆನೋ. ಕೀ ಬಿಟ್ಟು ಏಳುವಂತಿಲ್ಲ, ಕೂತಿರಲೂ ಆಗದು. ಗಡಿಯಾರ ನೋಡುವುದು, ಕಿಟಕಿಗೆ ಹೋಗುವುದು, ಮತ್ತೆ ಗಡಿಯಾರ. ಮೂರು ಗಂಟೆಯ ಟಪಾಲು ಹೋಯಿತು. ಪದಬಂಧ ಮೇಜಿನ ಮೇಲೇ ಉಳಿಯಿತು. ತಂದೆಯ ರುಜು ಇಲ್ಲದೆ ಆಪರೇಶನ್ ಮಾಡುವುದಿಲ್ಲ ಎಂದು ಮಂಗಳೂರಿನ ಸಿಗ್ನಲರ್ ನಡುವೆ ತಿಳಿಸಿದ. ಆಮೇಲಂತೂ ಸೌಂಡರ್ ಸದ್ದು ಮಾಡಿದಾಗೆಲ್ಲ ಮೇಜಿಗೆ ಓಡುತ್ತಿದ್ದೆ.

ಆರು ಗಂಟೆಗೆ ಜೀಪು ಬಂತು. ಐತಪ್ಪ ಇಳಿದ. ಮುಂದಿನ ಸೀಟಿನಲ್ಲಿ ಅಬ್ರಹಾಂ, ಮೊಣಕಾಲ ನಡುವೆ ಕೊಡೆ ಹಿಡಿದು ಕೂತಿದ್ದರು. ರಬ್ಬರ್ ತೋಟದಿಂದ ಹಾಗೆಯೇ ಬಂದವರು, ಅಂಗಿಯ ಗುಂಡಿಯೂ ನೆಟ್ಟಗೆ ಹಾಕಿರಲಿಲ್ಲ. ನಮ್ಮ ಕನ್ನಡ ಅವರಿಗೆ ಅರ್ಧ ಬರುತ್ತಿತ್ತು. ನನ್ನನ್ನು ನೋಡಿ ಒಂದೇ ಮಾತು ಕೇಳಿದರು.

"ಸಾರ್, ಮಗಳು ಉಂಟಾ?"

ನಾವು ಉಂಟು ಎನ್ನುವುದು ಅಕ್ಕಿಗೆ, ಬಸ್ಸಿಗೆ, ಕೆಲಸಕ್ಕೆ. ಮನುಷ್ಯರಿಗೆ ಇದ್ದಾರೆ ಎನ್ನುತ್ತೇವೆ. ಬೇರೆ ದಿನವಾಗಿದ್ದರೆ ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಿದ್ದೆನೇನೋ. ಇದ್ದಾಳೆ ಎಂಬ ಮಾತು ನಾಲಿಗೆ ತುದಿಯವರೆಗೆ ಬಂತು. ಆದರೆ ಅದೂ ಖಾಲಿ ಮನೆ ತುಂಬಿಸಿದಂತೆಯೇ.

"ಗೊತ್ತಿಲ್ಲ ಅಬ್ರಹಾಂ ಅವರೇ" ಎಂದೆ. ಅಷ್ಟು ಕಷ್ಟದ ಉತ್ತರ ನಾನು ಯಾವ ಪದಬಂಧಕ್ಕೂ ಬರೆದಿಲ್ಲ. ಜೀಪು ಮಂಗಳೂರಿನ ದಾರಿ ಹಿಡಿಯಿತು.

ಮರುದಿನ ಆಕಾಶ ಶುಭ್ರವಾಗಿತ್ತು. ಹತ್ತೂಕಾಲಕ್ಕೆ ಸೌಂಡರ್ ಬಡಿಯಿತು. ನನ್ನದೇ ಹೆಸರಿಗೆ ಟೆಲಿಗ್ರಾಂ, ಕಳಿಸಿದವರು ಇಬ್ರಾಹಿಂ, ಅಬ್ರಹಾಂ. ಇಂಗ್ಲಿಷ್ ಅಕ್ಷರದಲ್ಲಿ ಎರಡೇ ಕನ್ನಡ ಶಬ್ದ: 'ಮಗಳು ಉಂಟು.'

ಒಂದಕ್ಷರವೂ ತಪ್ಪದೆ ಕೇಳಿಸಿತ್ತು. ಆದರೂ ಮತ್ತೊಮ್ಮೆ ಕಳಿಸಲು ಕೇಳಿದೆ. ಅದೇ ಬಂತು. ಇನ್ನೊಮ್ಮೆ ಕೇಳಿದೆ.

'ಅಲ್ಲಿ ಈಗಲೂ ಗುಡುಗು ಉಂಟಾ?' ಎಂದು ಮಂಗಳೂರಿನವ ಸಿಡುಕಿದ.

ಆಮೇಲೆ ಇಪ್ಪತ್ತನಾಲ್ಕು ವರ್ಷ ತಂತಿಯ ಕೆಲಸ ಮಾಡಿದೆ. ಗೊತ್ತಿಲ್ಲದ್ದನ್ನು ಕೇಳಬೇಕು, ಜಾಣತನದಿಂದ ತುಂಬಿಸಬಾರದು ಎಂಬುದನ್ನು ಆ ಏಪ್ರಿಲ್ ಕಲಿಸಿತ್ತು, ಮತ್ತೆಂದೂ ಊಹಿಸಲಿಲ್ಲ. ಪದಬಂಧ ಬಿಡಲಿಲ್ಲ, ಅದು ಸಾಯುವವರೆಗಿನ ಹುಚ್ಚು. ಕಬಕದ ಆ ಸುಳಿವನ್ನು ಮಾತ್ರ ಯಾರಿಗೂ ಕಳಿಸಲಿಲ್ಲ. ಇನ್ನು ಆ ಬೆಳಿಗ್ಗೆಯ ವಿಷಯ: ಎರಡನೆಯ ಸಲ ಬರೆದುಕೊಂಡದ್ದು ನಿಯಮಕ್ಕಾಗಿ. ಮೂರನೆಯ ಸಲ ನಾನು ಪೆನ್ಸಿಲ್ ಹಿಡಿದೇ ಇರಲಿಲ್ಲ, ಸುಮ್ಮನೆ ಕೇಳುತ್ತಾ ಕೂತಿದ್ದೆ.